ನೀರ್ಚಾಲಿನ ಓಣಿ ತಿರುವು, ಚಕ್ರಕ್ಕೆ ತಾಗುವ ಕಾಲು: ಒಂದು ಸೈಕಲ್ಲಿನ ಪ್ರಕರಣ

ಸೈಕಲ್ ನಿಧಾನವಾಗಿ ತಿರುಗುವಾಗ ಮುಂದಿರುವ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಾಗುವುದುಂಟು. ಸೈಕಲ್ ಓಡಿಸುವವರು ಇದಕ್ಕೆ ಟೋ ಓವರ್‌ಲ್ಯಾಪ್ ಅನ್ನುತ್ತಾರೆ. ಎತ್ತರದವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಗಿಡ್ಡ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ರೋಡ್ ಬೈಕ್ (ರೇಸ್ ಮಾದರಿಯ ಸೈಕಲ್) ಮನೆಗೆ ಬಂದ ಸ್ವಲ್ಪ ದಿನಕ್ಕೇ ಗೊತ್ತಾಗುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: "ಸಣ್ಣ ಸೈಜಿನ ಸೈಕಲ್ ಎಲ್ಲವೂ ಹಾಗೇ, ಅಭ್ಯಾಸ ಆಗ್ತದೆ." ಈ ಉತ್ತರದಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕೆ ಟೇಪು ಹಿಡಿದು ಅಳೆಯಬೇಕು. ನಮ್ಮ ಮನೆಯಲ್ಲೇ ಆದ ಪ್ರಕರಣವೊಂದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ, ಇಂಥದ್ದೇ ತೊಂದರೆ ಇರುವವರಿಗೆ ಉಪಯೋಗ ಆದೀತು.

ಓಡಿಸುವವಳು ನನ್ನ ಅಕ್ಕನ ಮಗಳು. ಎತ್ತರ 155 ಸೆಂ.ಮೀ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಸೀತಾಂಗೋಳಿ, ಉಳಿಯತ್ತಡ್ಕ ದಾಟಿ ವಿದ್ಯಾನಗರಕ್ಕೆ ಕಾಲೇಜಿಗೆ ಹೋಗುತ್ತಾಳೆ. ಮಳೆ ತೀರಾ ಜೋರಿದ್ದ ದಿನ ಬಸ್ಸು, ಉಳಿದ ದಿನ ಸೈಕಲ್. ಕೈಯಿಂದ ಕೈಗೆ ಬಂದ ರೋಡ್ ಬೈಕು, 48ರ ಸೈಜು, ಅಲ್ಯುಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು), ರಬ್ಬರ್ ತುಂಡು ರಿಮ್ಮನ್ನೇ ಹಿಡಿಯುವ ರಿಮ್ ಬ್ರೇಕು. ಮೊದಲಿನವರು 700 ಅಳತೆಯ ಚಕ್ರಕ್ಕೆ 32 ಮಿ.ಮೀ. ಟಯರ್ ಹಾಕಿಸಿದ್ದರು. ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಇತ್ತು. ನಮ್ಮ ಊರಿನ ಮಳೆಗೆ ಮಡ್‌ಗಾರ್ಡ್ ಇಲ್ಲದೆ ಆಗುವುದೂ ಇಲ್ಲ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಜಿಲ್ಲೆ ಇದು.

ಬಿದ್ದದ್ದು ಆಟಿ ತಿಂಗಳಲ್ಲಿ, ಜೋರು ಮಳೆಯ ಕಾಲದಲ್ಲಿ. ಮನೆಗೆ ಹೋಗುವ ಓಣಿ ಮುಖ್ಯರಸ್ತೆಯಿಂದ ಬಲಕ್ಕೆ ಏರುತ್ತದೆ. ಎರಡೂ ಬದಿ ಮುರಕಲ್ಲಿನ ದರೆ, ನಡುವೆ ಒಂದು ಕಾರು ಹೋಗುವಷ್ಟು ಜಾಗ. ಎದುರಿನ ವಾಹನ ದಾಟಲಿ ಅಂತ ರಸ್ತೆ ಮಧ್ಯದಲ್ಲಿ ಕಾಲೂರಿ ನಿಂತಳು. ದಾರಿ ಬಿಟ್ಟಿತು. ಪೆಡಲ್ ಮೆಟ್ಟಿ, ಕೂಡಲೇ ಬಲಕ್ಕೆ ತಿರುಗಿಸಿದಳು. ಎಡಗಾಲಿನ ಶೂ ಹೋಗಿ ಮಡ್‌ಗಾರ್ಡಿಗೆ ಸಿಕ್ಕಿತು. ಸೈಕಲ್ ಬಲಕ್ಕೆ ವಾಲಿ ಬಿದ್ದಿತು. ಮೊಣಕಾಲು, ಅಂಗೈ ತರಚಿತು. ಹಿಂದೆ ಯಾವ ವಾಹನವೂ ಇರಲಿಲ್ಲ. ಇದ್ದಿದ್ದರೆ ನಾನು ಇದನ್ನು ಇಷ್ಟು ಸಮಾಧಾನದಲ್ಲಿ ಬರೆಯುತ್ತಿರಲಿಲ್ಲ.

"ಜಾರಿತಾ?" ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. "ಜಾರಿದ್ದಲ್ಲ ಮಾವ, ಹ್ಯಾಂಡಲ್ ತಿರುಗಲೇ ಇಲ್ಲ. ಯಾರೋ ಹಿಡಿದ ಹಾಗೆ ಆಯ್ತು" ಅಂದಳು. ಸೈಕಲ್ ನೋಡಿದೆ. ಮುಂದಿನ ಮಡ್‌ಗಾರ್ಡಿನ ಎಡ ಅಂಚಿನಲ್ಲಿ, ಪೆಡಲಿನ ಎತ್ತರಕ್ಕೆ ಸರಿಯಾಗಿ, ಶೂವಿನ ನೀಲಿ ಬಣ್ಣ ಉಜ್ಜಿಕೊಂಡಿತ್ತು. ಮಡ್‌ಗಾರ್ಡ್ ಹಿಡಿದಿರುವ ತಂತಿ ಒಳಕ್ಕೆ ಬಾಗಿತ್ತು. ಅವಳು ಹೇಳಿದ್ದು ಅಕ್ಷರಶಃ ಸರಿ.

ಬಲಕ್ಕೆ ತಿರುಗಿದರೆ ಎಡಗಾಲು ಯಾಕೆ ಸಿಕ್ಕಿಬೀಳುತ್ತದೆ? ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಮುಂದಿನ ಚಕ್ರದ ಮುಂಭಾಗ ಬಲಕ್ಕೆ ಹೋಗುತ್ತದೆ, ಹಿಂಭಾಗ ಎಡಕ್ಕೆ ಬರುತ್ತದೆ. ಅಲ್ಲಿ ಎಡಗಾಲು ಮುಂದಿದ್ದರೆ ತಾಗಿತು. ಎಡಕ್ಕೆ ತಿರುಗುವಾಗ ಬಲಗಾಲಿಗೆ ಇದೇ ಕಥೆ. ಅಂದರೆ ಅಪಾಯ ಯಾವಾಗಲೂ ತಿರುವಿನ ಹೊರಬದಿಯ ಕಾಲಿಗೆ. ಒಳಬದಿಯ ಕಾಲು ಎಷ್ಟೇ ಮುಂದಿರಲಿ, ಚಕ್ರ ಅದರಿಂದ ದೂರವೇ ಹೋಗುತ್ತದೆ.

ಬಿದ್ದದ್ದು ಬಲಕ್ಕೆ ಯಾಕೆ ಅನ್ನುವುದೂ ಮುಖ್ಯ. ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲನ್ನು ಇನ್ನಷ್ಟು ತಿರುಗಿಸಿ ನಾವು ಸಮತೋಲ ಉಳಿಸಿಕೊಳ್ಳುತ್ತೇವೆ. ಗೊತ್ತಿಲ್ಲದೆಯೇ ಕ್ಷಣಕ್ಷಣವೂ ಇದನ್ನು ಮಾಡುತ್ತಿರುತ್ತೇವೆ. ಚಕ್ರಕ್ಕೆ ಕಾಲು ಅಡ್ಡ ಬಂತು ಅಂದರೆ ಆ ಇನ್ನಷ್ಟು ತಿರುಗಿಸಲು ಜಾಗವೇ ಇಲ್ಲ. ವಾಲಿದ ಕಡೆಗೇ ಬೀಳಬೇಕು. ಹಾಗಾಗಿ ಇದು ಕಾಲಿಗೆ ಪೆಟ್ಟಾಗುವ ವಿಷಯ ಅಲ್ಲ. ಶೂ ತುದಿಗೆ ಟಯರ್ ಉಜ್ಜಿದರೆ ನೋವೂ ಆಗುವುದಿಲ್ಲ. ಹ್ಯಾಂಡಲ್ ಕಟ್ಟಿಹಾಕಿದಂತಾಗುವುದೇ ಇಲ್ಲಿನ ಅಪಾಯ.

ಹಾಗಾದರೆ ಇಷ್ಟು ದಿನ ವಿದ್ಯಾನಗರದವರೆಗೆ ಹೋಗಿ ಬಂದಾಗ ಯಾಕೆ ಏನೂ ಆಗಲಿಲ್ಲ? ವೇಗದಲ್ಲಿರುವಾಗ ಹ್ಯಾಂಡಲ್ ತಿರುಗುವುದೇ ತೀರಾ ಕಡಿಮೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ 20 ಡಿಗ್ರಿ ವಾಲಿ ತಿರುಗಿದರೆ ಸೈಕಲ್ ಬಿಡಿಸುವ ವೃತ್ತದ ತ್ರಿಜ್ಯ ಸುಮಾರು 13.5 ಮೀಟರ್. ಅದಕ್ಕೆ ಚಕ್ರ ಸುಮಾರು 4 ಡಿಗ್ರಿ ತಿರುಗಿದರೆ ಸಾಕು. ಇವಳ ಸೈಕಲ್ಲಿನಲ್ಲಿ ಶೂ ತಾಗಲು ಚಕ್ರ ಸುಮಾರು 15 ಡಿಗ್ರಿ ತಿರುಗಬೇಕು. ಅಷ್ಟು ತಿರುಗಿದರೆ ವೃತ್ತದ ತ್ರಿಜ್ಯ ಮೂರೂವರೆ ಮೀಟರ್ ಚಿಲ್ಲರೆ. ಅಂದರೆ ನಡೆಯುವ ವೇಗದಲ್ಲಿ ಮಾತ್ರ ಇದು ಬರುತ್ತದೆ: ಓಣಿಗೆ ತಿರುಗುವಾಗ, ಯು-ಟರ್ನ್ ಹೊಡೆಯುವಾಗ, ಹೊಂಡ ತಪ್ಪಿಸುವಾಗ, ನಿಂತಲ್ಲಿಂದ ಹೊರಡುವಾಗ. ಇಳಿಜಾರಿನಲ್ಲಿ ಹಾರಿ ಬರುವಾಗ ಕಾಲು ಸಿಕ್ಕಿಬಿದ್ದೀತು ಅಂತ ಹೆದರಬೇಕಾಗಿಲ್ಲ. ಆದರೆ ನಮ್ಮ ಊರಿನ ಓಡಾಟವೇ ಇಂಥ ನಿಧಾನದ ತಿರುವುಗಳದ್ದು, ಅಲ್ವಾ? ಮನೆ ಇರುವುದು ಗುಡ್ಡೆಯ ಮೇಲೆ ಅಥವಾ ತೋಟದ ತಗ್ಗಿನಲ್ಲಿ. ಕುಂಬಳೆ ಕಡೆ ಹೋದರೆ ಆರು ಪಥದ ಹೆದ್ದಾರಿಯ ಬದಿಯ ಸರ್ವಿಸ್ ರಸ್ತೆ, ಅಂಡರ್‌ಪಾಸಿನ ಬಾಯಲ್ಲಿ ಗಕ್ಕನೆ ತಿರುಗಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಿಸುವವರು "ಏನೂ ಆಗಲ್ಲ ಬಿಡಿ" ಅಂದದ್ದನ್ನು ಇಲ್ಲಿಯವರು ಹಾಗೇ ನಂಬಿಕೊಳ್ಳಬಾರದು.

ಅಳತೆಗೆ ಬರೋಣ

ಬೇಕಾದ್ದು ಒಂದು ಟೇಪು ಅಷ್ಟೆ. ಕ್ರ್ಯಾಂಕ್ (ಪೆಡಲ್ ಕೂರುವ ದಂಡ) ತಿರುಗುವ ಅಚ್ಚಿನ ಮಧ್ಯದಿಂದ ಮುಂದಿನ ಚಕ್ರದ ಅಚ್ಚಿನ ಮಧ್ಯಕ್ಕೆ ಎಷ್ಟಿದೆ ನೋಡಬೇಕು. ಇದನ್ನು ಫ್ರಂಟ್ ಸೆಂಟರ್ ಅನ್ನುತ್ತಾರೆ. ಇವಳ ಸೈಕಲ್ಲಿನಲ್ಲಿ 578 ಮಿ.ಮೀ. ಕ್ರ್ಯಾಂಕ್ 170. ಪೆಡಲ್ ನೇರ ಚಕ್ರದ ಅಚ್ಚಿನ ಕಡೆ ಮುಖ ಮಾಡಿದಾಗ ಪೆಡಲಿನ ಅಚ್ಚಿನಿಂದ ಚಕ್ರದ ಅಚ್ಚಿಗೆ ಉಳಿಯುವುದು 408. ಚಕ್ರದ ತ್ರಿಜ್ಯ ಲೆಕ್ಕ ಮಾಡುವುದು ಸುಲಭ. 700ರ ರಿಮ್ಮಿನಲ್ಲಿ ಟಯರ್ ಕೂರುವ ವ್ಯಾಸ 622, ಅದರ ಅರ್ಧ 311. ಟಯರಿನ 32 ಸೇರಿದರೆ 343. ಅಲ್ಲಿಗೆ ಪೆಡಲ್ ಅಚ್ಚಿನಿಂದ ಟಯರಿಗೆ 65 ಮಿ.ಮೀ. ಮಡ್‌ಗಾರ್ಡ್ ಮತ್ತು ಅದರ ಒಳಗಿನ ಖಾಲಿ ಜಾಗ 12 ತಿನ್ನುತ್ತದೆ. ಉಳಿದದ್ದು 53.

ಈಗ ಕಾಲು. ಅವಳು ಎಂದಿನ ಹಾಗೆ ಪೆಡಲ್ ಮೇಲೆ ಕಾಲಿಟ್ಟು ಕೂರಲಿ ಅಂದೆ. ಪಾದದ ನಡುಭಾಗವನ್ನೇ ಪೆಡಲಿನ ಮೇಲಿಟ್ಟಿದ್ದಳು. ಪೆಡಲ್ ಅಚ್ಚಿನಿಂದ ಶೂ ತುದಿಗೆ 104 ಮಿ.ಮೀ. ಇರುವ ಜಾಗ 53, ಬೇಕಾದದ್ದು 104. ಐದು ಸೆಂಟಿಮೀಟರಿಗಿಂತ ಜಾಸ್ತಿ ಅತಿಕ್ರಮಣ. ಅಮೆರಿಕದ ಸೈಕಲ್ ಸುರಕ್ಷತೆಯ ನಿಯಮದಲ್ಲಿ, ಕಾಲು ಬಿಗಿಯುವ ಕ್ಲಿಪ್ಪು ಇಲ್ಲದ ಸೈಕಲ್ಲಿಗೆ ಪೆಡಲಿನ ಮಧ್ಯದಿಂದ ಟಯರ್ ಅಥವಾ ಮಡ್‌ಗಾರ್ಡಿಗೆ ಕನಿಷ್ಠ 89 ಮಿ.ಮೀ. ಬೇಕು ಅಂತ ಇದೆ. ಕ್ಲಿಪ್ಪು ಇರುವುದಕ್ಕೆ ಈ ನಿಯಮ ಇಲ್ಲ. ರೇಸಿಗೆ ಅಂತ ಮಾಡಿದ ಸೈಕಲ್ಲುಗಳು ಆ ಸಂದಿಯಲ್ಲಿ ಪಾರಾಗುತ್ತವೆ. ಅದೇ ಸೈಕಲ್ ಕೈ ಬದಲಾಗಿ, ಸಾದಾ ಪೆಡಲ್ ಹಾಕಿಸಿಕೊಂಡು, ಮಡ್‌ಗಾರ್ಡ್ ಕಟ್ಟಿಸಿಕೊಂಡು ನೀರ್ಚಾಲಿಗೆ ಬಂದಾಗ ತೊಂದರೆ ಶುರು.

ಸಣ್ಣ ಫ್ರೇಮಿಗೇ ಯಾಕೆ ಈ ಗತಿ ಅಂದರೆ, ಓಡಿಸುವವರು ಗಿಡ್ಡ ಆದ ಹಾಗೆ ಹ್ಯಾಂಡಲ್ ಹತ್ತಿರ ಬರಬೇಕು, ಅದರ ಜೊತೆ ಮುಂದಿನ ಚಕ್ರವೂ ಹಿಂದೆ ಸರಿಯುತ್ತದೆ. ಆದರೆ ಚಕ್ರ ಮಾತ್ರ ಎಲ್ಲ ಸೈಜಿಗೂ ಅದೇ 700. ಕ್ರ್ಯಾಂಕೂ ಹೆಚ್ಚುಕಡಿಮೆ ಅದೇ 170. ಆರಡಿ ಆಳಿಗೆ ಹೊಂದುವ ಚಕ್ರ, ಕ್ರ್ಯಾಂಕನ್ನು ಐದಡಿಯವರ ಫ್ರೇಮಿಗೆ ತುರುಕಿ ಮಾರುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ. ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಜಾರ್ಜೀನಾ ಟೆರ್ರಿ 1985ರಲ್ಲೇ ಹೆಂಗಸರಿಗೆ ಅಂತ ಸೈಕಲ್ ಕಂಪೆನಿ ಶುರುಮಾಡಿ, ಹಿಂದೆ 700ರ ಚಕ್ರ, ಮುಂದೆ 24 ಇಂಚಿನ ಸಣ್ಣ ಚಕ್ರ ಹಾಕಿ ಮಾರಿದವರು. ಅಷ್ಟೇ ಯಾಕೆ, ನಮ್ಮಲ್ಲಿ ಮೀನು ಮಾರುವವರು ಓಡಿಸುತ್ತಿದ್ದ ಹಳೆಯ ಕಪ್ಪು ಸೈಕಲ್ ನೋಡಿ. ಚಕ್ರ 700ಕ್ಕಿಂತಲೂ ದೊಡ್ಡದು, 28 ಇಂಚಿನದ್ದು, ಮಡ್‌ಗಾರ್ಡೂ ಇದೆ. ಆದರೂ ಕಾಲು ತಾಗುವುದಿಲ್ಲ. ಹ್ಯಾಂಡಲಿನ ಕೊಳವೆ ಚೆನ್ನಾಗಿ ಹಿಂದಕ್ಕೆ ವಾಲಿದೆ, ಫೋರ್ಕು ಮುಂದಕ್ಕೆ ಬಳುಕಿದೆ, ಚಕ್ರ ಕಾಲಿನಿಂದ ದೂರ ನಿಂತಿದೆ.

ಏನೇನು ಮಾಡಬಹುದಿತ್ತು

ಕುಂಬಳೆಯ ಸೈಕಲ್ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆವು. ಅಂಗಡಿಯ ಇಚ್ಚ ಹಳೆಯ ಕೈ. ಚಕ್ರ ತಿರುಗಿಸಿ ನೋಡಿದ ಕೂಡಲೇ ವಿಷಯ ಅವರಿಗೆ ಅರ್ಥವಾಯಿತು. "ಮಾಷ್ಟ್ರೇ, ಫೋರ್ಕು ಸ್ವಲ್ಪ ಮುಂದೆ ಬಗ್ಗಿಸಿ ಕೊಡ್ಲಾ?" ಅಂದರು. ಕಬ್ಬಿಣದ ಸೈಕಲ್ಲಿನ ಎಷ್ಟೋ ಫೋರ್ಕುಗಳನ್ನು ನೇರ ಮಾಡಿದ ಅನುಭವ ಅದು. ಮತ್ತೆ ಅವರೇ ಸ್ಪ್ಯಾನರಿನಿಂದ ಫೋರ್ಕಿಗೆ ಮೆಲ್ಲ ಕುಟ್ಟಿದರು. ಟಣ್ ಅನ್ನಲಿಲ್ಲ, ಟೊಕ್ ಅಂದಿತು. "ಇದು ಕಬ್ಬಿಣ ಅಲ್ವಲ್ಲ" ಅಂತ ಸ್ಪ್ಯಾನರ್ ಕೆಳಗಿಟ್ಟರು. ಕಾರ್ಬನ್ ಬಗ್ಗುವುದಿಲ್ಲ, ಒಳಗೇ ಸೀಳುತ್ತದೆ, ಮುಂದೊಂದು ದಿನ ಓಡುವಾಗಲೇ ಮುರಿಯುತ್ತದೆ. ಅಲ್ಯುಮಿನಿಯಂ ಫೋರ್ಕನ್ನೂ ಬಗ್ಗಿಸಲೇಬಾರದು.

ಬಗ್ಗಿಸುವ ಬದಲು, ಚಕ್ರವನ್ನು 10 ಮಿ.ಮೀ. ಮುಂದೆ ಹಿಡಿಯುವ ಬೇರೆ ಫೋರ್ಕನ್ನೇ ಹಾಕಬಹುದಿತ್ತು. ಆದರೆ ಹಾಗೆ ಮಾಡಿದರೆ ಹ್ಯಾಂಡಲ್ ತನ್ನಷ್ಟಕ್ಕೇ ನೇರವಾಗುವ ಗುಣ ಸ್ವಲ್ಪ ಕಡಿಮೆಯಾಗುತ್ತದೆ, ಸೈಕಲ್ ಓಡುವ ರೀತಿಯೇ ಬೇರೆ ಆಗುತ್ತದೆ. ಸಿಗುವ ಒಂದು ಸೆಂಟಿಮೀಟರಿಗೆ ಆ ಖರ್ಚು, ಆ ಬದಲಾವಣೆ ಬೇಡ ಅನ್ನಿಸಿತು. 650ಬಿ ಅನ್ನುವ ಸ್ವಲ್ಪ ಸಣ್ಣ ಚಕ್ರ ಇದೆ, ಅದರ ರಿಮ್ಮಿನ ವ್ಯಾಸ 584. ತ್ರಿಜ್ಯದಲ್ಲಿ 19 ಮಿ.ಮೀ. ಉಳಿತಾಯ. ಡಿಸ್ಕ್ ಬ್ರೇಕಿನ ಸೈಕಲ್ ಆಗಿದ್ದರೆ ನಾನು ಮೊದಲು ನೋಡುತ್ತಿದ್ದದ್ದೇ ಇದನ್ನು. ಇದು ರಿಮ್ ಬ್ರೇಕು, ಬ್ರೇಕಿನ ರಬ್ಬರ್ ಅಷ್ಟು ಕೆಳಗೆ ಎಟುಕುವುದಿಲ್ಲ. 28ರ ಟಯರ್ ಹಾಕಿದರೆ 4 ಮಿ.ಮೀ. ಸಿಗುತ್ತದೆ. ನಮ್ಮ ಹೊಂಡದ ರಸ್ತೆಗೆ ಮೆತ್ತಗಿನ ದಪ್ಪ ಟಯರ್ ಕಳೆದುಕೊಂಡು 4 ಮಿ.ಮೀ. ಗಳಿಸುವುದು ಲಾಭದ ವ್ಯಾಪಾರ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಕಾಸು ಖರ್ಚಿಲ್ಲದ ಜಾಗದಲ್ಲಿ. ಪಾದದ ನಡುಭಾಗದ ಬದಲು ಹೆಬ್ಬೆರಳಿನ ಬುಡದ ಉಬ್ಬು ಪೆಡಲ್ ಅಚ್ಚಿನ ಮೇಲೆ ಬರುವಂತೆ ಕಾಲಿಟ್ಟಾಗ ಶೂ ತುದಿಗೆ 80 ಮಿ.ಮೀ. ಮಾತ್ರ. ಒಂದೇ ಏಟಿಗೆ 24 ಮಿ.ಮೀ. ಹಾಗಾದರೆ ಮೊದಲೇ ಯಾಕೆ ಹಾಗೆ ಇಡುತ್ತಿರಲಿಲ್ಲ? ಸೀಟು ತಗ್ಗಿನಲ್ಲಿತ್ತು. ನಿಂತಾಗ ಎರಡೂ ಕಾಲು ನೆಲಕ್ಕೆ ಪೂರ್ತಿ ಎಟುಕಲಿ ಅಂತ ಇಳಿಸಿಕೊಂಡಿದ್ದಳು. ಸೀಟು ತಗ್ಗಿದ್ದಾಗ ಮೊಣಕಾಲು ಎದೆಯ ಹತ್ತಿರ ಬರುತ್ತದೆ, ಕಾಲು ತಾನಾಗಿ ಪೆಡಲ್ ಮೇಲೆ ಮುಂದೆ ಜಾರುತ್ತದೆ. ಹಾಗಾಗಿ "ಕಾಲು ಹಿಂದೆ ಇಡು" ಅಂತ ಹೇಳಿದರೆ ಎರಡು ದಿನ ನೆನಪಿರುತ್ತದೆ ಅಷ್ಟೆ. ಕೂರುವ ರೀತಿಯೇ ಬದಲಾಗಬೇಕಿತ್ತು.

ಅದಕ್ಕೇ ಕ್ರ್ಯಾಂಕಿಗೆ ಕೈ ಹಾಕಿದ್ದು. 170 ತೆಗೆದು 155 ಹಾಕಿಸಿದೆವು. ಇಲ್ಲಿ 15 ಮಿ.ಮೀ. ಸಿಕ್ಕಿತು. ಪೆಡಲ್ ಈಗ 15 ಮಿ.ಮೀ. ಕಡಿಮೆ ಕೆಳಗೆ ಹೋಗುತ್ತದೆ, ಆದ್ದರಿಂದ ಸೀಟನ್ನು ಅಷ್ಟೇ ಏರಿಸಬೇಕು. ಮೇಲೆ ಬರುವಾಗಲೂ ಪೆಡಲ್ 15 ಕಡಿಮೆ ಏರುತ್ತದೆ. ಒಟ್ಟು 30 ಮಿ.ಮೀ. ಜಾಗ ಮೊಣಕಾಲಿಗೆ ಸಿಕ್ಕಿತು. "ಈಗ ಕಾಲು ಸರಾಗ ತಿರುಗ್ತದೆ ಮಾವ" ಅಂತ ಅವಳು ಹೇಳಿದ್ದು ಇದಕ್ಕೇ. ಸಣ್ಣ ಕ್ರ್ಯಾಂಕಿನಲ್ಲಿ ಶಕ್ತಿ ಹೋಗುತ್ತದೆ ಅನ್ನುವವರಿದ್ದಾರೆ. 2001ರಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡುಸೊ 120ರಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕ್ ಹಾಕಿ ಪರೀಕ್ಷಿಸಿದರು. ತೀರಾ ಗಿಡ್ಡ 120, ತೀರಾ ಉದ್ದ 220ರಲ್ಲಿ ಮಾತ್ರ ಗರಿಷ್ಠ ಶಕ್ತಿ ಸ್ವಲ್ಪ ಇಳಿಯಿತು. ನಡುವಿನ 145, 170, 195ರ ಮಧ್ಯೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಸನ್ನೆ ಗಿಡ್ಡ ಆದದ್ದರಿಂದ ಏರಿನಲ್ಲಿ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸುವುದು ನಿಜ. ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರ 28 ಹಲ್ಲಿನದ್ದು ಇತ್ತು, 32ರದ್ದು ಹಾಕಿಸಿದ ಮೇಲೆ ಓಣಿಯ ಏರು ಮೊದಲಿಗಿಂತ ಹಗುರವೇ ಆಯಿತು. ಸೀಟು ಏರಿದ್ದರಿಂದ ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿದು ಕಾಲೂರುವುದನ್ನು ಅವಳು ಕಲಿಯಬೇಕಾಯಿತು. ಮೊದಲು ಹೆದರಿದಳು, ಮತ್ತೆ ಸಲೀಸಾಯಿತು.

ಮಡ್‌ಗಾರ್ಡಿನ ಕೆಲಸ ಇಚ್ಚನ ಕೈಚಳಕ. ಪೂರ್ತಿ ತೆಗೆದರೆ ಕೆಸರು ನೀರು ನೇರ ಕಾಲಿಗೆ, ಚೈನಿಗೆ. ಹಾಗಾಗಿ ನೆಲದಿಂದ ಸುಮಾರು 40 ಸೆಂ.ಮೀ. ಎತ್ತರಕ್ಕೆ, ಶೂ ತುದಿ ಓಡಾಡುವ ಜಾಗಕ್ಕಿಂತ ಮೇಲೆ, ಕತ್ತರಿಸಿದರು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ತಂತಿಗಳನ್ನು ಗಿಡ್ಡ ಮಾಡಿ ಆ ಅಂಚಿಗೇ ತಂದು ಬಿಗಿದರು, ತುದಿ ಹೊರಗೆ ಚಾಚದ ಹಾಗೆ. ಕೆಳಗಿನ ಭಾಗಕ್ಕೆ ಲಾರಿ ಟ್ಯೂಬಿನ ರಬ್ಬರ್ ತುಂಡೊಂದನ್ನು ಎರಡು ಬೋಲ್ಟ್ ಹಾಕಿ ಇಳಿಬಿಟ್ಟರು. ಶೂ ತಾಗಿದರೂ ರಬ್ಬರ್ ಮಡಚುತ್ತದೆ, ಸಿಕ್ಕಿಸಿಕೊಳ್ಳುವುದಿಲ್ಲ. ಅದು ಟಯರಿನ ಅಡಿಗೆ ಹೋಗದಷ್ಟು ಮೇಲೆ ನಿಲ್ಲಬೇಕು, ಅಷ್ಟು ಎಚ್ಚರ ಸಾಕು. ಗಟ್ಟಿ ಮಡ್‌ಗಾರ್ಡೇ ಬೇಕು ಅನ್ನುವವರು, ಎಳೆತ ಬಿದ್ದರೆ ತಂತಿ ತಾನಾಗಿ ಕಳಚಿಕೊಳ್ಳುವ ಕ್ಲಿಪ್ಪು ಇರುವುದನ್ನು ನೋಡಿ ಕೊಳ್ಳಬೇಕು.

ಎಲ್ಲ ಆದ ಮೇಲೆ ಲೆಕ್ಕ: 578ರಲ್ಲಿ ಕ್ರ್ಯಾಂಕಿನ 155, ಚಕ್ರದ 343 ಕಳೆದರೆ 80. ಕಾಲು ಸರಿಯಾಗಿಟ್ಟರೆ ಶೂ ತುದಿಯೂ 80. ಅಂದರೆ ತಾಗಿಯೂ ತಾಗದ ಹಾಗೆ. 89ಕ್ಕೆ ಇನ್ನೂ ಮುಟ್ಟಿಲ್ಲ. ಕಾಲು ಮುಂದೆ ಜಾರಿದರೆ ಮತ್ತೆ ತಾಗುತ್ತದೆ. ಮಳೆಯಲ್ಲಿ ಜಾರದಿರಲಿ ಅಂತ ಸಣ್ಣ ಮೊಳೆಗಳಿರುವ ಅಗಲ ಪೆಡಲ್ ಹಾಕಿಸಿದೆವು. ಕಾಲು ಸಿಗಿಸುವ ಕ್ಲಿಪ್ಪು ಬೇಡ ಅಂದೆ. ಅದು ಶೂವಿನ ಮುಂದೆ ಇನ್ನಷ್ಟು ಚಾಚುತ್ತದೆ, ಬೀಳುವಾಗ ಕಾಲು ತೆಗೆಯಲೂ ಅಡ್ಡಿ. ಶೂವಿನ ಅಡಿಗೆ ಲಾಕ್ ಆಗುವ ಕ್ಲೀಟ್ ಬಳಸುವವರಿಗೆ ಇಲ್ಲೊಂದು ಮಾತು: ಕ್ಲೀಟನ್ನು ಹಿಮ್ಮಡಿ ಕಡೆ ಸರಿಸಿದಷ್ಟೂ ಶೂ ಮುಂದೆ ಹೋಗುತ್ತದೆ, ತಾಗುವುದು ಜಾಸ್ತಿಯಾಗುತ್ತದೆ.

ಮೈದಾನದಲ್ಲಿ

ಉಳಿದದ್ದು ಅಭ್ಯಾಸದ ಪಾಲು. ಬೆಳಿಗ್ಗೆ ಖಾಲಿ ಇರುವ ಶಾಲೆಯ ಮೈದಾನದಲ್ಲಿ ಬೂದಿಯಿಂದ ಎರಡು ಮೀಟರ್ ತ್ರಿಜ್ಯದ ವೃತ್ತ ಎಳೆದೆವು. ಅದರ ಸುತ್ತ ನಿಧಾನ ತಿರುಗಬೇಕು. ಬಲಕ್ಕೆ ತಿರುಗುವಾಗ ಬಲಗಾಲು ಮುಂದೆ, ಎಡಗಾಲು ಹಿಂದೆ. ಪೆಡಲನ್ನು ಪೂರ್ತಿ ಸುತ್ತಿಸದೆ ಬಲಗಾಲಿನಿಂದ ಅರ್ಧ ಮೆಟ್ಟುವುದು, ಹಿಂದಕ್ಕೆ ತಿರುಗಿಸಿ ಮೇಲೆ ತರುವುದು, ಮತ್ತೆ ಅರ್ಧ ಮೆಟ್ಟುವುದು. ಫ್ರೀವೀಲ್ ಇರುವುದರಿಂದ ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ ಅಷ್ಟೆ, ಸೈಕಲ್ ಮುಂದೆ ಹೋಗುತ್ತಲೇ ಇರುತ್ತದೆ. ಹೊರಬದಿಯ ಕಾಲು ಒಮ್ಮೆಯೂ ಚಕ್ರದ ಹತ್ತಿರ ಬರುವುದಿಲ್ಲ. ಎಡಕ್ಕೆ ತಿರುಗುವಾಗ ಇದರ ಉಲ್ಟಾ. ಮೊದಮೊದಲು ಕಾಲು ತನ್ನ ರೂಢಿಯಂತೆ ಪೂರ್ತಿ ಸುತ್ತಲು ಹೋಗುತ್ತಿತ್ತು. ಟಯರಿಗೆ ಶೂ ಉಜ್ಜಿದಾಗ ಹೆದರಿ ಬ್ರೇಕ್ ಹಿಡಿಯುವ ಬದಲು ಪೆಡಲನ್ನು ಹಿಂದಕ್ಕೆ ತಿರುಗಿಸುವುದು ಅವಳ ಕಾಲಿಗೆ ಬಂತು. ನನಗೆ ಧೈರ್ಯ ಬಂದದ್ದು ಅದನ್ನು ನೋಡಿದ ಮೇಲೆಯೇ.

ನಿಂತಲ್ಲಿಂದ ಹೊರಡುವಾಗ ಇನ್ನೊಂದು ಕ್ರಮ. ಬಲಕ್ಕೆ ಹೋಗಬೇಕಿದ್ದರೆ ಬಲಗಾಲಿನ ಪೆಡಲ್ ಮುಂದಿಟ್ಟು ನಿಲ್ಲುವುದು, ಮೊದಲ ಮೆಟ್ಟಿಗೆ ಸೈಕಲ್ ನೇರವೇ ಹೋಗಲಿ, ಆಮೇಲೆ ತಿರುವು. ಬಿದ್ದ ದಿನ ಇದು ತಿರುಗಾಮುರುಗಾ ಆಗಿತ್ತು. ಓಣಿಯ ಏರಿನಲ್ಲಿ ಅರ್ಧ ಮೆಟ್ಟು ಸಾಲುವುದಿಲ್ಲ, ಪೂರ್ತಿ ಸುತ್ತಿಸಲೇಬೇಕು. ಅದಕ್ಕೆ ಓಣಿಯ ಬಾಯಿ ದಾಟುವವರೆಗೆ ಸ್ವಲ್ಪ ಮುಂದೆ ಹೋಗಿ ಅಗಲವಾಗಿ ತಿರುಗುತ್ತಾಳೆ. ಹಿಂದೆ ಬಸ್ಸು ಬರುತ್ತಿದ್ದರೆ, ಇಲ್ಲವೇ ದರೆಯ ಬುಡದಲ್ಲಿ ಪಾಚಿ ಹಿಡಿದಿದ್ದರೆ, ಇಳಿದು ತಳ್ಳಿಕೊಂಡು ಹೋಗುತ್ತಾಳೆ.

ಕೈಯಿಂದ ಕೈಗೆ ಸೈಕಲ್ ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಅಂಗಳದಲ್ಲಿ ನೇರ ಓಡಿಸಿ ನೋಡಿ ದುಡ್ಡು ಕೊಡಬೇಡಿ. ನಿಮ್ಮದೇ ಶೂ ಹಾಕಿ ಕೂತು, ಒಂದು ಪೆಡಲ್ ಮುಂದೆ ತಂದು, ಯಾರಾದರೂ ಹಿಡಿದುಕೊಂಡಿರುವಾಗ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ತಾಗಿದರೆ ಎಷ್ಟು ಅಂತ ಅಳೆಯಿರಿ. ಬೆರಳಗಲ ಆದರೆ ಕಾಲಿಡುವ ಕ್ರಮ, ಅಭ್ಯಾಸ ಸಾಕು. ಐದು ಸೆಂಟಿಮೀಟರ್ ಆದರೆ, ಇಲ್ಲಿ ಬರೆದಷ್ಟು ಖರ್ಚು ಮತ್ತು ಕೆಲಸ ಇದೆ ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ. ಮಾರುವವರೂ ಕೇಳುವ ಮೊದಲೇ ಹೇಳಬೇಕು, ಯಾಕೆಂದರೆ ಹೊಸಬರಿಗೆ ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ.

ಅವಳ ತಮ್ಮನೂ ಆಗಾಗ ಅಕ್ಕನ ಸೈಕಲ್ ಕೇಳುತ್ತಾನೆ. ಅವನ ಪಾದ ದೊಡ್ಡದು, ಪೆಡಲ್ ಅಚ್ಚಿನಿಂದ ಶೂ ತುದಿಗೆ 110 ಮಿ.ಮೀ. ಬಂತು. ಅವನಿಗೆ ಮೈದಾನದೊಳಗೆ ಮಾತ್ರ ಅನುಮತಿ, ರಸ್ತೆಗೆ ಇಲ್ಲ.